ಪಕ್ಕದ ಕುರ್ಚಿಗೆ ಯಾರು?

ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಹೋಗಿತ್ತು. ಒಳಗೆ ಅವಳೊಬ್ಬಳೇ.

ಗಂಟೆ ಒತ್ತಿ, ಕೂಗಿ, ಬಾಗಿಲಿಗೆ ಜೋರಾಗಿ ಒದ್ದು ಸುಸ್ತಾದ ಮೇಲೆ ಅವಳು ಅಲ್ಲೇ ನೆಲದ ಮೇಲೆ ಕೂತು, ಬ್ಯಾಗಿನಿಂದ ಅಭ್ಯಾಸದ ಪುಸ್ತಕ ತೆಗೆದಳು. ಹೇಗೂ ಮೇಲಿನ ಮಹಡಿಯ ತರಬೇತಿ ತರಗತಿಗೇ ಹೊರಟಿದ್ದಳು. ಭಯ ಮರೆಯಲು ಗಟ್ಟಿಯಾಗಿ ಓದತೊಡಗಿದಳು.

“ನಾನು ಯಾವತ್ತೂ ತಾಳ್ಮೆ ಕಳೆದುಕೊಳ್ಳುವುದಿಲ್ಲ. ಹೌದಾ, ಇಲ್ಲವಾ... ಹೌದು.”

“ಸುಳ್ಳು,” ಎಂದಿತು ಬಾಗಿಲಾಚೆಯಿಂದ ಒಂದು ಗಂಡು ದನಿ.

ಅವಳು ಬೆಚ್ಚಿದಳು. “ಯಾರದು?”

“ಲಿಫ್ಟ್ ರಿಪೇರಿಯವನು ಮೇಡಂ. ನೀವು ಬಾಗಿಲಿಗೆ ಒದ್ದಿದ್ದು ಬೀದಿವರೆಗೂ ಕೇಳಿಸ್ತು.”

“ಅದು... ತೆರೆದುಕೊಳ್ಳುತ್ತೇನೋ ಅಂತ ನೋಡಿದೆ.”

“ಸರಿ, ಮುಂದಿನದು ಓದಿ. ಕೆಲಸ ಮಾಡ್ತಾ ಕೇಳ್ತೀನಿ.”

ಎಂಥ ಉದ್ಧಟ ಮನುಷ್ಯ ಇವನು... ಅಂದುಕೊಂಡರೂ ಓದಿದಳು. “ನನಗೆ ಯಾವುದಕ್ಕೂ ಭಯವಾಗುವುದಿಲ್ಲ.”

“ಅದಕ್ಕೇನು ಉತ್ತರ?”

ಅವಳು ಪುಸ್ತಕವನ್ನು ಮಡಿಲಿಗಿಳಿಸಿದಳು. “ಈಗ ಆಗ್ತಾ ಇದೆ.”

ಆಚೆಯ ದನಿ ಮೆತ್ತಗಾಯಿತು. “ಆಗೋದೇ. ಆದರೆ ಇದು ಬೀಳಲ್ಲ, ಗಾಳಿಗೂ ಕೊರತೆ ಇಲ್ಲ. ನೀವು ಓದ್ತಾ ಇರಿ. ನಾನು ಎಲ್ಲಿಗೂ ಹೋಗಲ್ಲ.”

ಆ ಕೊನೆಯ ಮಾತು ಅವಳ ಎದೆಯೊಳಗೆ ಇಳಿದು ಕೂತಿತು. ಬಾಗಿಲು ತೆರೆದಾಗ ಅವಳು ತಾನೇ ಧುಮುಕಿ ಹೊರಬಂದಳು. ಎದುರಿಗೆ ನಿಂತವನು ಅವಳಂದುಕೊಂಡಷ್ಟು ದೊಡ್ಡವನಲ್ಲ. ಅವಳದೇ ವಯಸ್ಸು. ಕಣ್ಣಲ್ಲಿ ಮಾತ್ರ ತುಂಟತನ.

ಅವಳು ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಬಸ್ಸುಗಳ ವೇಳೆ ಹೇಳುವ ಕೆಲಸದವಳು. ಮನೆಯಲ್ಲಿ ಭಾವ ಅವಳನ್ನು ಕರೆಯುವುದೇ ‘ಮೈಕು’ ಎಂದು. ಒಮ್ಮೆ ನಿಲ್ದಾಣದಲ್ಲಿ ಮುದುಕರೊಬ್ಬರು ಕುಸಿದುಬಿದ್ದಾಗ ಅವಳು ತುರ್ತು ಕರೆ ಕೇಂದ್ರಕ್ಕೆ ಫೋನ್ ಮಾಡಿದ್ದಳು. ಆ ತುದಿಯ ಹೆಂಗಸು ಬರೀ ದನಿಯಿಂದ ಅವಳ ಕೈಗಳನ್ನು ನಡೆಸಿದ್ದಳು. ಎಲ್ಲಿ ಒತ್ತಬೇಕು, ಹೇಗೆ ಒತ್ತಬೇಕು... ಮುದುಕರು ಬದುಕಿದರು. ಅಂದಿನಿಂದ ಅವಳಿಗೆ ಆ ಕುರ್ಚಿಯೇ ಬೇಕು.

ಕಳೆದ ಸಲ ಆ ಕೆಲಸದ ಉಳಿದೆಲ್ಲ ಪರೀಕ್ಷೆಗಳಲ್ಲೂ ಪಾಸಾಗಿ, ಇಂಥ ಹೌದು-ಇಲ್ಲ ಪ್ರಶ್ನೆಗಳ ವ್ಯಕ್ತಿತ್ವ ಪರೀಕ್ಷೆಯಲ್ಲಿ ಮುಗ್ಗರಿಸಿದ್ದಳು. ಎಲ್ಲದಕ್ಕೂ ಒಳ್ಳೆಯ ಉತ್ತರಗಳನ್ನೇ ಬರೆದಿದ್ದಳಲ್ಲ, ಯಾಕೆ ಹೀಗಾಯಿತೋ ತಿಳಿದಿರಲಿಲ್ಲ.

“ಎಲ್ಲ ಒಳ್ಳೆಯದೇ ಬರೆದಿದ್ದಕ್ಕೇ,” ಎಂದನು ಅವನು, ಆಮೇಲೆ ಚಹಾದಂಗಡಿಯಲ್ಲಿ ಅವಳ ಕಥೆಯೆಲ್ಲ ಕೇಳಿ. “ನಿಮ್ಮ ಬದಲು ಯಾವುದೋ ಬೊಂಬೆಯನ್ನ ಕಳಿಸಿದ್ದೀರಿ. ಬೊಂಬೆಗೆ ಯಾರು ಕೆಲಸ ಕೊಡ್ತಾರೆ?”

“ಇಷ್ಟೆಲ್ಲ ಗೊತ್ತಿದ್ದವರು ನೀವೂ ಅರ್ಜಿ ಹಾಕಿ. ನಿಮ್ಮ ದನಿ ಕೇಳಿಯೇ ನನ್ನ ಭಯ ಹೋಗಿದ್ದು.”

ತಮಾಷೆಗೆ ಅಂದಿದ್ದು. ಅವನು ನಿಜವಾಗಿಯೂ ಹಾಕಿಬಿಟ್ಟ.

ಅಭ್ಯಾಸ ನಡೆದಿದ್ದು ಅಕ್ಕನ ಮನೆಯಲ್ಲಿ, ಭಾವನ ಹೊಲಿಗೆ ಯಂತ್ರಗಳ ನಡುವೆ. ಪ್ರತಿ ಉತ್ತರಕ್ಕೂ ನಡೆದ ಒಂದು ಘಟನೆ ಹೇಳಬೇಕು ಎಂಬುದು ಅವನು ಮಾಡಿದ ನಿಯಮ.

“ನಾನು ಇತರರ ಮಾತನ್ನು ಪೂರ್ತಿ ಕೇಳುತ್ತೇನೆ,” ಎಂದು ಅವನು ಓದಿದ.

“ಹೌದು.”

“ಯಾವಾಗ ಕೇಳಿದ್ದೀಯೆ?” ಎಂದಳು ಅಕ್ಕ ಅಡುಗೆಮನೆಯಿಂದಲೇ. “ನಾನು ಬಾಯಿ ತೆರೆಯೋದ್ರೊಳಗೆ ಉತ್ತರ ಕೊಟ್ಟು ಮುಗಿಸಿರ್ತೀಯ.”

“ಮೈಕು ಆಫ್ ಆಗಿದ್ದನ್ನ ನಾನಂತೂ ನೋಡಿಲ್ಲಪ್ಪ,” ಎಂದು ಭಾವ ದನಿಗೂಡಿಸಿದ.

ಅವಳ ಮುಖ ಕೆಂಪಾಯಿತು. ಆದರೆ ‘ಇಲ್ಲ, ಕಲಿಯುತ್ತಿದ್ದೇನೆ’ ಎಂದು ತಿದ್ದಿಕೊಂಡಾಗ ಎದೆ ಹಗುರವಾಯಿತು. ಎಷ್ಟು ಸುಲಭ, ತಾನು ತಾನಾಗಿರುವುದು...

“ಕಷ್ಟ ಬಂದಾಗ ನಾನು ಇನ್ನೊಬ್ಬರನ್ನು ನೆಚ್ಚಿಕೊಳ್ಳುತ್ತೇನೆ,” ಎಂದು ಅವನು ಮುಂದಿನದನ್ನು ಓದಿದ.

“ಹೌದು,” ಎಂದಳು, ಅವನನ್ನೇ ನೋಡುತ್ತ. ಆ ಉತ್ತರಕ್ಕೆ ಮಾತ್ರ ಅವನು ಘಟನೆ ಕೇಳಲಿಲ್ಲ.

ಪರೀಕ್ಷೆಯ ದಿನ ಬರೆಯುವುದೆಲ್ಲ ಸಲೀಸಾಗಿ ಮುಗಿಯಿತು. ಆಮೇಲೆ ಗುಂಪು ಚಟುವಟಿಕೆ. ಒಂದು ಬಡಾವಣೆಗೆ ನೀರು ನುಗ್ಗಿದೆ, ಯಾರನ್ನು ಮೊದಲು ಹೊರತರಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸಬೇಕು. ಅವಳು ಚೆನ್ನಾಗಿಯೇ ಮಾತಾಡಿದಳು. ಎಲ್ಲರಿಗಿಂತ ಚೆನ್ನಾಗಿ ನಿಭಾಯಿಸಿದ್ದು ಮಾತ್ರ ಈಜು ಕಲಿಸುವ ಒಬ್ಬ ಯುವತಿ. ಅವನು ಯಾಕೋ ಬಾಯಿಗೆ ಬೀಗ ಹಾಕಿಕೊಂಡವನಂತೆ ಕೂತಿದ್ದ.

ಕೊನೆಗೆ ಬಿಳಿ ಕೂದಲಿನ ಮನಶ್ಶಾಸ್ತ್ರಜ್ಞೆ ಕೇಳಿದರು. “ಕೆಲಸಕ್ಕೆ ಸೇರಿದರೆ ನಿಮ್ಮ ಪಕ್ಕದ ಕುರ್ಚಿಯಲ್ಲಿ ಇವರಲ್ಲಿ ಯಾರಿರಬೇಕು? ಒಬ್ಬೊಬ್ಬರಾಗಿ ಹೇಳಿ.”

ಅವಳು ಯೋಚಿಸಲೇ ಇಲ್ಲ. ಅವನತ್ತ ಕೈ ತೋರಿಸಿದಳು.

ಅವನ ಸರದಿ ಬಂತು. “ಈಜು ಕಲಿಸುವವರು,” ಎಂದ, ತಲೆಯೆತ್ತದೆ.

ಅವಳು ಮುಖ ತಿರುಗಿಸಿದಳು. ಇಷ್ಟು ದಿನ ಜೊತೆಗೆ ಕೂತು ಓದಿದ್ದೆಲ್ಲ ಏನು ಹಾಗಾದರೆ? ನಾನು ಅಷ್ಟೂ ಲಾಯಕ್ಕಿಲ್ಲದವಳೇ?

ಮನಶ್ಶಾಸ್ತ್ರಜ್ಞೆ ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡಿಸುವಾಗ, ಅವನು ಹೊರಬಂದ ಬಾಗಿಲಿನಿಂದಲೇ ಅವಳು ಒಳಹೋದಳು, ಅವನತ್ತ ತಿರುಗಿಯೂ ನೋಡದೆ.

“ಆ ಲಿಫ್ಟ್ ಕೆಲಸದವರು ಇವತ್ತು ಏನೂ ಮಾತಾಡಲಿಲ್ಲ. ಆದರೂ ಅವರನ್ನೇ ಆರಿಸಿದಿರಿ. ಯಾಕೆ?”

‘ಅವರು ಶಾಂತ ಸ್ವಭಾವದವರು’ ಎನ್ನುವ ಉತ್ತರ ನಾಲಗೆಯ ತುದಿಗೆ ಬಂದಿತ್ತು. ಚೆಂದದ ಉತ್ತರ. ಅವಳು ಅದನ್ನು ನುಂಗಿಕೊಂಡಳು.

“ನನಗೆ ಅವರಂದ್ರೆ ಇಷ್ಟ, ಮೇಡಂ. ಅದಕ್ಕೇ ಹೇಳಿಬಿಟ್ಟೆ. ಇವತ್ತಿನ ಕೆಲಸ ನೋಡಿ ಹೇಳೋದಾದ್ರೆ ಈಜು ಕಲಿಸುವವರನ್ನೇ ಆರಿಸಬೇಕಿತ್ತು.”

ಅವರು ಪೆನ್ನು ಕೆಳಗಿಟ್ಟರು. ಲೋಟ ಎತ್ತಿ ನಿಧಾನವಾಗಿ ನೀರು ಕುಡಿದರು. “ಕೆಲಸದ ಮಧ್ಯೆ ಹೀಗಾದರೆ? ನಿಮಗೆ ಬೇಕಾದವರೇ ಅಪಾಯದಲ್ಲಿದ್ದಾರೆ ಅಂತ ಕರೆ ಬಂದರೆ?”

“ಕೈ ನಡುಗುತ್ತೆ. ನಡುಗಲ್ಲ ಅಂದ್ರೆ ಸುಳ್ಳಾಗುತ್ತೆ. ವಿಳಾಸ ಕೇಳಿ, ಗಾಡಿ ಕಳಿಸಿ, ಫೋನನ್ನ ಪಕ್ಕದವರಿಗೆ ಕೊಡ್ತೀನಿ. ನನ್ನ ಹಟಕ್ಕಿಂತ ಅವರ ಜೀವ ದೊಡ್ಡದು.”

ಹೊರಗೆ ಅವನು ಕಾಯುತ್ತಿದ್ದ. ಅವಳು ಇನ್ನೊಂದು ಬಾಗಿಲಿನಿಂದ ಹೋಗಿಬಿಟ್ಟಳು. ಮುಂದಿನ ದಿನಗಳಲ್ಲಿ ಅವನ ಫೋನೂ ಎತ್ತಲಿಲ್ಲ. “ಅವನು ಬಂದು ನಿಂತು ನಿಂತು ಹೋದ ಕಣೇ,” ಎಂದು ಅಕ್ಕ ಹೇಳಿದಾಗಲೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಫಲಿತಾಂಶ ಬಂದ ಬೆಳಿಗ್ಗೆ ಅವಳ ಆಯ್ಕೆಯಾಗಿತ್ತು. ಅಕ್ಕ ಅಪ್ಪಿಕೊಂಡಳು, ಭಾವ ಕಣ್ಣೊರೆಸಿಕೊಂಡ. ಆದರೂ ಮನಸ್ಸು ತುಂಬಲಿಲ್ಲ. ಈ ಸಂಗತಿಯನ್ನು ಮೊದಲು ಹೇಳಬೇಕಾದವನಿಗೇ ಹೇಳಿಲ್ಲವಲ್ಲ... ಪರೀಕ್ಷೆಯಲ್ಲಿ ಅಷ್ಟು ನೇರವಾಗಿ ಮಾತಾಡಿದವಳು ಇಲ್ಲಿ ಯಾಕೆ ಬಚ್ಚಿಟ್ಟುಕೊಳ್ಳಬೇಕು? ಅವಳು ಚಪ್ಪಲಿ ಮೆಟ್ಟಿದಳು.

ಕೇಳಿಕೊಂಡು ಹುಡುಕಿ ಹೋದಾಗ ಅವನು ಒಂದು ದವಾಖಾನೆಯ ಮಾಳಿಗೆಯ ಮೇಲಿದ್ದ. ಲಿಫ್ಟಿನ ಮೋಟರು ಬಿಚ್ಚಿ ಕೂತಿದ್ದವನು ಅವಳನ್ನು ಕಂಡು ಗಡಬಡಿಸಿ ಎದ್ದ.

“ನನಗೆ ಕೆಲಸ ಸಿಕ್ತು,” ಎಂದಳು ಏದುಸಿರು ಬಿಡುತ್ತ.

“ಸಿಗುತ್ತೆ ಅಂತ ಗೊತ್ತಿತ್ತು.” ಅವನ ಮುಖ ಅರಳಿತು. “ನನಗೆ ಸಿಗಲಿಲ್ಲ. ಈಗಿನ ಕೆಲಸ ಇಷ್ಟಾನಾ ಅಂತ ಸುತ್ತಿ ಬಳಸಿ ನಾಲ್ಕು ಕಡೆ ಕೇಳಿದ್ರು. ಎಲ್ಲ ಕಡೆ ಹೌದು ಅಂತ ಬರೆದೆ. ನಂಬಿಬಿಟ್ರು.”

ಬಂದ ನಗುವನ್ನು ಅವಳು ತಡೆದುಕೊಂಡಳು. “ಒಂದು ಮಾತು ಕೇಳೋಕೆ ಬಂದೆ. ಅವತ್ತು ಯಾಕೆ ನನ್ನನ್ನ ಆರಿಸಲಿಲ್ಲ? ನನ್ನ ಕೈಲಾಗಲ್ಲ ಅಂತಾನಾ?”

“ಅಲ್ಲ ಮೇಡಂ... ಕೇಳಿದ್ದು ಪಕ್ಕದ ಕುರ್ಚಿಗೆ ಯಾರು ಅಂತ. ನೀವು ಪಕ್ಕದಲ್ಲಿ ಕೂತಿದ್ರೆ ಫೋನ್ ಹೊಡ್ಕೊಳ್ಳೋದೂ ನನಗೆ ಕೇಳಿಸಲ್ಲ. ಅವತ್ತು ಬಾಯಿ ಕಟ್ಟಿದ್ದೂ ಅದಕ್ಕೇ. ನೀವು ಎದುರಿಗೇ ಕೂತಿದ್ರಿ.”

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

“ನಿಮಗೆ ಹೇಳೋಣ ಅಂದ್ರೆ ನೀವು ಸಿಗಲಿಲ್ಲ,” ಎಂದು ಅವನು ಮುಂದುವರಿಸಿದ. “ಆ ಬಿಳಿ ಕೂದಲಿನ ಮೇಡಂ ಮಾತ್ರ ಕೇಳಿದ್ರು, ಜೊತೆಗೆ ಬಂದವರನ್ನ ಯಾಕೆ ಬಿಟ್ರಿ ಅಂತ. ಪ್ರೀತಿಸ್ತೀನಿ, ಅದಕ್ಕೇ ಬಿಟ್ಟೆ ಅಂದೆ.”

“ಅವರಿಗಾ?” ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. “ನಿಮ್ಮ ಹಿಂದೆಯೇ ಒಳಗೆ ಹೋಗಿ ನಾನೂ ಅವರಿಗೇ ಹೇಳಿದೆ.”

“ಏನಂತ?”

ಬೆರಳುಗಳ ಸಂದಿಯಿಂದ ಅವನನ್ನು ನೋಡಿದಳು. ಗಾಳಿಗೆ ಅವಳ ಕೂದಲು ಹಾರುತ್ತಿತ್ತು. ಕೆಳಗೆ ಬೀದಿಯ ಸದ್ದೆಲ್ಲ ಎಲ್ಲೋ ದೂರವಿದ್ದಂತೆ ಕೇಳಿಸಿತು.

“ನಿಮ್ಮನ್ನ ಕಂಡ್ರೆ...” ಎಂದು ನಿಲ್ಲಿಸಿದಳು. ಇಷ್ಟು ಹತ್ತಿರದ ಮಾತಿಗೆ ಆ ಬಹುವಚನ ಅಡ್ಡ ನಿಂತಂತಿತ್ತು. ಕೈ ಕೆಳಗಿಳಿಸಿ ಮತ್ತೆ ಹೇಳಿದಳು. “ನಿನ್ನನ್ನ ಕಂಡ್ರೆ ನನಗಿಷ್ಟ. ತುಂಬಾ.”

ಅವನು ಬಟ್ಟೆಯ ತುಂಡಿಗೆ ಅಂಗೈ ಒರೆಸಿದ, ಮತ್ತೆ ಒರೆಸಿದ. ಮಸಿ ಹೋಗಲಿಲ್ಲ.

“ಕೈಯೆಲ್ಲ ಗ್ರೀಸು,” ಎಂದ.

“ಇರಲಿ,” ಎಂದಳು ಅವಳು. “ಕೊಡು.”