ಚಿಲಕದ ಮಗ್ಗುಲಿನ ಕಿಂಡಿ

“ನಾಯಿನ ಸರಪಳಿಗೆ ಕಟ್ಟಲ್ಲ ಅಂತ ಹೆಂಡ್ತಿ ಸಾಯೋ ಮುಂಚೆ ಮಾತು ಕೊಟ್ಟಿದ್ದೆ ಮೇಡಂ. ಅದು ಓಡಾಡ್ಲಿ ಅಂತಲೇ ಹಿಂಬಾಗಿಲಿಗೆ ಕಿಂಡಿ ಮಾಡಿಸ್ದೆ. ಈಗ ನಾಯೇ ಇಲ್ಲ.”

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಟೈಲರ್‌ನ ದೂರು ಇಷ್ಟೇ. ಹಿಂದಿನ ದಿನ ಸಂಜೆ ಮನೆಗೆ ಮರಳಿದಾಗ ಹಿಂಬಾಗಿಲು ಹಾರುಹೊಡೆದಿತ್ತು. ಬೇರೇನೂ ಹೋಗಿರಲಿಲ್ಲ.

“ನಾಯಿಗೂ ಎಫ್‌ಐಆರಾ ಮೇಡಂ?” ಕಾನ್‌ಸ್ಟೇಬಲ್ ಮೀಸೆಯಡಿ ನಕ್ಕ.

“ಕಳ್ಳನ ಮೇಲೆ ಕಣ್ರೀ. ಬರ್ಕೊಳ್ಳಿ,” ಎಂದರು ಇನ್ಸ್‌ಪೆಕ್ಟರ್.

ಸ್ಥಳ ಪಂಚನಾಮೆ ನಡೆಯಿತು. ಹಿಂಬಾಗಿಲಿಗೆ ಕೆಳಗಿನ ಚಿಲಕ ಒಂದೇ, ಅದು ಮುರಿದಿರಲಿಲ್ಲ. ರಬ್ಬರ್ ಪರದೆಯ ಕಿಂಡಿ ಆ ಚಿಲಕದ ಮಗ್ಗುಲಲ್ಲೇ ಇತ್ತು. ಕಾನ್‌ಸ್ಟೇಬಲ್ ಹೊರಗೆ ನೆಲಕ್ಕೆ ಮಲಗಿ ಭುಜದವರೆಗೂ ಕೈ ತೂರಿಸಿದ.

“ಸಿಕ್ತು ಮೇಡಂ! ಎಳೆದ್ರೆ ಬರುತ್ತೆ.”

“ಯಾವ ಬಡಗಿ ಚಿಲಕದ ಕಡೆ ಕಿಂಡಿ ಕೊರೀತಾನೆ? ಯಾರ್ರೀ ಮಾಡಿದ್ದು?”

“ನನ್ನ ಬಾಮೈದ,” ಎಂದ ಟೈಲರ್.

ಇನ್ಸ್‌ಪೆಕ್ಟರ್ ರಬ್ಬರ್ ಪರದೆ ಸವರಿದರು. ಒಂದು ಕೂದಲಿಲ್ಲ, ಉಗುರಿನ ಗೀರಿಲ್ಲ. ಅಡುಗೆಮನೆಯ ಗೋಡೆಯಲ್ಲೊಂದು ಕಬ್ಬಿಣದ ಬಳೆ. ಅದರ ಕೆಳಗೆ ಸಿಮೆಂಟ್ ನೆಲ ಅರ್ಧಚಂದ್ರದಂತೆ ಸವೆದಿತ್ತು.

“ಇದೇನು?”

ಟೈಲರ್ ತಲೆತಗ್ಗಿಸಿದ. “ಹೊಲಿಯೋ ಬಟ್ಟೆ ಮೇಲೆಲ್ಲ ಕೂದಲು ಮೇಡಂ. ಗಿರಾಕಿಗಳ ಬಾಯಿಗೆ ಎಷ್ಟು ದಿನ ಬೀಳ್ಲಿ?”

ಬಾಮೈದನ ಮರಗೆಲಸದ ಶೆಡ್ಡಿನಲ್ಲಿ ನಾಯಿ ಹೊಟ್ಟಿನ ಮೇಲೆ ಮಲಗಿತ್ತು. ಕತ್ತಿನ ಸುತ್ತ ರೋಮ ಉದುರಿ ಚರ್ಮ ಕೆಂಪಾಗಿತ್ತು. ಬಡಗಿ ಉಳಿ ಕೆಳಗಿಟ್ಟು ಎದ್ದು ನಿಂತ.

“ಬೇಕಂತಲೇ ಆ ಕಡೆ ಕೊರೆದ್ಯಾ?”

“ಹೂಂ. ಅಕ್ಕನಿಗೆ ಭಾವ ಮಾತು ಕೊಟ್ಟಾಗ ಅವಳ ಕಾಲ ಹತ್ರಾನೇ ಕೂತಿದ್ದೆ. ಅವರ ಮಾತು ಎಷ್ಟು ದಿನ ಬಾಳುತ್ತೆ ಅಂತ ನಂಗೊತ್ತಿಲ್ವಾ?”

“ನಾಯಿ ಕೊಡಿ ಅಂತ ಕೇಳ್ಬೇಕಿತ್ತು.”

“ಕೇಳ್ದೆ ಮೇಡಂ. ನಿಮ್ಮಕ್ಕಂದು ಅಂತ ಉಳಿದಿರೋದು ಅದೊಂದೇ, ಕೊಡಲ್ಲ ಅಂದ್ರು.”

ಇನ್ಸ್‌ಪೆಕ್ಟರ್ ನಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ನಾಯಿಯ ಕತ್ತಿನ ಗಾಯವನ್ನು ಪಂಚನಾಮೆಯಲ್ಲಿ ಬರೆಸಿದರು. ಆಮೇಲೆ ಬಡಗಿಯನ್ನು ಬಂಧಿಸಿದರು.

ಮರುದಿನ ನ್ಯಾಯಾಲಯದ ಆದೇಶದಂತೆ ನಾಯಿಯನ್ನು ವಾರಸುದಾರನ ವಶಕ್ಕೆ ಕೊಡಲಾಯಿತು. ಟೈಲರ್ ಸಹಿ ಹಾಕಿ, ಅದರ ತಲೆ ನೇವರಿಸಿ, ಕಣ್ಣೊರೆಸಿಕೊಂಡ. ಬಳಿಕ ಚೀಲದಿಂದ ಸರಪಳಿ ತೆಗೆದ.

ನಾಯಿ ತಾನಾಗಿಯೇ ಕತ್ತು ಬಗ್ಗಿಸಿತು.

ಸತ್ತವಳಿಗೆ ಕೊಟ್ಟ ಮಾತು ಉಳಿಯಲಿಲ್ಲ.