ಕಾಗೆ ಬಂಗಾರದ ಮರಳು

ಮಲ್ಲಿಕ್‌ನ ಮೊದಲ ಕಾಂಕ್ರೀಟು ಕ್ಯೂಬು ಹದಿಮೂರು ಟನ್ ಭಾರಕ್ಕೇ ಬಾಯಿ ಬಿಟ್ಟಿತು.

ಲ್ಯಾಬಿನಲ್ಲಿದ್ದ ಇಪ್ಪತ್ತು ಜನ ಒಮ್ಮೆಲೇ ಮುಂದಕ್ಕೆ ಬಾಗಿದರು. ಯಂತ್ರದ ಮುಳ್ಳು ನಲವತ್ತೈದು ದಾಟಬೇಕಿತ್ತು. ಏಳನೇ ದಿನದ ಪರೀಕ್ಷೆಯಲ್ಲೇ ಅದೇ ಕಾಂಕ್ರೀಟು ನಲವತ್ತು ಟನ್ ತಡೆದಿತ್ತು. ಇಪ್ಪತ್ತೆಂಟು ದಿನ ತೊಟ್ಟಿಯ ನೀರಿನಲ್ಲಿ ನೆನೆದು ಇನ್ನಷ್ಟು ಗಟ್ಟಿಯಾಗಬೇಕಾದದ್ದು ಈಗ ಹಳೇ ಬೆಲ್ಲದ ಹಾಗೆ ಉದುರಿ ಬಿದ್ದಿತ್ತು.

ಎರಡನೆಯದು ಹನ್ನೊಂದು. ಮೂರನೆಯದು ಹನ್ನೆರಡು.

ಹಿಂದೆ ನಿಂತಿದ್ದ ಶಿಲ್ಪಾಳ ಎದೆ ತಣ್ಣಗಾಯಿತು. ಅದು ಸಂತೋಷ. ತನಗೇ ನಾಚಿಕೆ ತರುವಂಥ ಸಂತೋಷ.

ಚಳ್ಳಕೆರೆಯ ಹೊರಗಿನ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೇ ವರ್ಷದ ಸಿವಿಲ್ ಹುಡುಗರ ಪ್ರಾಜೆಕ್ಟು ಸಾಮಾನ್ಯವಾಗಿ ಬೀರು ಸೇರುತ್ತದೆ. ಈ ಸಲ ಹಾಗಲ್ಲ. ಗೆದ್ದ ಪ್ರಾಜೆಕ್ಟಿನ ಪ್ರಕಾರ ಸಿದ್ದಾಪುರದಲ್ಲಿ ನಿಜವಾಗಿಯೂ ಒಂದು ಅಂಗನವಾಡಿ ಕಟ್ಟುತ್ತಾರೆ. ಗೋಡೆಯ ಮೇಲೆ ವಿದ್ಯಾರ್ಥಿಗಳ ಹೆಸರು ಕೆತ್ತಿಸುತ್ತಾರೆ. ಕೊನೆಯವರೆಗೆ ಉಳಿದದ್ದು ಎರಡೇ ತಂಡ. ಎಣ್ಣೆ ಮಿಲ್ಲಿನವರ ಮಗ ಮಲ್ಲಿಕ್ ಒಬ್ಬನೇ ಒಂದು ತಂಡ. ಶೇಂಗಾ ಸಿಪ್ಪೆ ಸುಟ್ಟ ಬೂದಿಯನ್ನು ಸಿಮೆಂಟಿಗೆ ಬೆರೆಸಿ ಕಾಂಕ್ರೀಟು ಮಾಡಿದ್ದ. ಶಿಲ್ಪಾ ಮತ್ತು ಸೂರಮ್ಮ ಇನ್ನೊಂದು. ಮಣ್ಣಿನ ಇಟ್ಟಿಗೆಯ ಗೋಡೆ, ಅದರ ಮೇಲೆ ಕಮಾನಿನ ಚಾವಣಿ.

ನಾಲ್ಕು ವರ್ಷದಿಂದ ಶಿಲ್ಪಾಳಿಗೆ ಮಲ್ಲಿಕ್‌ನನ್ನು ಕಂಡರೆ ಉರಿ. ಅವನು ಓದದೆ ಬಂದು ಮೊದಲಿಗನಾಗುತ್ತಿದ್ದ. ಇವಳು ಕಣ್ಣು ಕೆಂಪಾಗುವಂತೆ ಓದಿ ಎರಡನೆಯವಳಾಗುತ್ತಿದ್ದಳು. ಹೋದ ವಾರ ಕ್ಯಾಂಟೀನಿನಲ್ಲಿ ಎಲ್ಲರೆದುರು, "ಅವನ ಕ್ಯೂಬು ಮುರ್ದು ಬೀಳ್ಲಿ, ಪೇಡ ಹಂಚ್ತೀನಿ" ಎಂದುಬಿಟ್ಟಿದ್ದಳು.

"ಸರ್, ಇವು ನನ್ನ ಕ್ಯೂಬಲ್ಲ," ಚೂರುಗಳ ಮೇಲೆ ಬಗ್ಗಿ ಮಲ್ಲಿಕ್ ಅಂದ.

ವಿಭಾಗದ ಮುಖ್ಯಸ್ಥ ಸಂಗಮೇಶ್ ಸರ್ ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದರು. ಬೂದಿ ಬೆರೆತ ಕಾಂಕ್ರೀಟು ಒಳಗೆ ಕಪ್ಪು ಬೂದು ಬಣ್ಣಕ್ಕಿರುತ್ತದೆ. ಇದು ಬಿಳುಚಿಕೊಂಡಿತ್ತು.

"ಹೌದು. ಇದರಾಗೆ ಬೂದಿನೇ ಇಲ್ಲ. ಯಾರೋ ಬದಲಾಯಿಸ್ಯಾರೆ."

ಸರ್ ಅಚ್ಚುಗಳ ರಿಜಿಸ್ಟರ್ ತರಿಸಿದರು. ಕ್ಯೂಬು ಎರೆಯಲು ಕಬ್ಬಿಣದ ಅಚ್ಚು ಬೇಕು. ಅಚ್ಚು ಲ್ಯಾಬಿನಿಂದ ಹೊರಗೆ ಹೋದರೆ ಅಟೆಂಡರ್ ರೇಣುಕಮ್ಮ ಬರೆದುಕೊಳ್ಳುತ್ತಾಳೆ. ಸರ್ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಹದಿನೈದು ದಿನದ ಹಿಂದೆ ಮೂರು ಅಚ್ಚು. ಶಿಲ್ಪಾ, ನಿನ್ನ ಹೆಸರು ಐತೆ. ಮಣ್ಣಿನ ಇಟ್ಟಿಗೆ ಮಾಡೋಳಿಗೆ ಕ್ಯೂಬಿನ ಅಚ್ಚು ಯಾಕಮ್ಮ?"

"ನಾನು ತಗೊಂಡಿಲ್ಲ ಸರ್!"

ಯಾರೋ ಹಿಂದಿನಿಂದ, "ಪೇಡ ಎಲ್ಲಿ?" ಎಂದರು.

ರೇಣುಕಮ್ಮ ಎರಡು ದಿನ ರಜೆ. ಫೋನು ಸ್ವಿಚ್ ಆಫ್. ಸರ್ ಪುಸ್ತಕ ಮುಚ್ಚಿದರು. "ನಾಳೆ ಮೂರು ಗಂಟೆಗೆ ನನ್ನ ಕೋಣೆಗೆ ಬಾ. ಹೇಳೋದೇನಾದ್ರೂ ಇದ್ರೆ ಅಲ್ಲಿ ಹೇಳು. ಇಲ್ಲಾಂದ್ರೆ ಒಂದು ವರ್ಷ ಡಿಬಾರ್."

* * *

ಎಲ್ಲರೂ ಹೋದ ಮೇಲೆ ಶಿಲ್ಪಾ ನೆಲದ ಮೇಲಿನ ಒಂದು ಚೂರನ್ನು ಹೆಕ್ಕಿದಳು. ಕಿಟಕಿಯ ಬಿಸಿಲಿಗೆ ಹಿಡಿದಳು. ಸಣ್ಣ ಸಣ್ಣ ಚುಕ್ಕಿಗಳು ಮಿಣಕ್ ಎಂದವು.

ಕಾಗೆ ಬಂಗಾರ, ಅಭ್ರಕದ ಚೂರು.

ಈ ಮರಳು ಅವಳಿಗೆ ಗೊತ್ತು. ಸಿದ್ದಾಪುರದ ಗುಡ್ಡದಿಂದ ಇಳಿಯುವ ಹಳ್ಳದ್ದು. ಅಂಗೈಗೆ ಹಾಕಿಕೊಂಡರೆ ಮೀನಿನ ಹುರುಪೆಯ ಹಾಗೆ ಹೊಳೆಯುತ್ತದೆ. ಮಲ್ಲಿಕ್ ಬಳಸಿದ್ದು ಕಲ್ಲು ಪುಡಿಮಾಡಿದ ಕ್ರಷರಿನ ಮರಳು, ಅದರಲ್ಲಿ ಈ ಹೊಳಪಿಲ್ಲ. ಹಳ್ಳದ ಮರಳು ತರಿಸಿಕೊಂಡಿದ್ದು ಇಡೀ ಕಾಲೇಜಿನಲ್ಲಿ ತಮ್ಮ ತಂಡ ಮಾತ್ರ.

ಇದನ್ನು ಸರ್‌ಗೆ ತೋರಿಸಿದರೆ ತನ್ನ ಕುತ್ತಿಗೆಗೆ ತಾನೇ ಹಗ್ಗ ಕಟ್ಟಿಕೊಂಡಂತೆ.

ಸೂರಮ್ಮ ಬಾಗಿಲಲ್ಲಿ ಕಾಯುತ್ತಿದ್ದಳು. ಅವಳ ತಾಯಿ ಕೊಟ್ರಮ್ಮ ಸಿದ್ದಾಪುರದಲ್ಲಿ ಕೂಲಿಗೆ ಹೋಗುವವಳು. ಮಗಳು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು, ಭಾನುವಾರ ಊರಿಗೆ ಹೋಗಿ ಬರುತ್ತಿದ್ದಳು. ಮಾತು ಕಡಿಮೆ.

"ಸೂರಿ, ನೋಡೆ. ನಮ್ಮ ಮರಳು. ಮಲ್ಲಿಕ್ ನಮ್ಮ ಚೀಲದಿಂದ ಕದ್ದು, ನನ್ನ ಹೆಸರಲ್ಲಿ ಅಚ್ಚು ತಗೊಂಡು, ತಾನೇ ಮಾಡ್ಕೊಂಡಾನೆ. ಅವನ ಕಾಂಕ್ರೀಟು ಬೀಳುತ್ತೆ ಅಂತ ಅವನಿಗೆ ಗೊತ್ತಿತ್ತು. ಅದನ್ನ ಮುಚ್ಚೋಕೆ ನನ್ನ ತಲೆಗೆ ಕಟ್ಯಾನೆ!"

ಸೂರಮ್ಮ ಚೂರನ್ನು ಮುಟ್ಟಲಿಲ್ಲ. "ಹಂಗೇ ಇರ್ಬೇಕು," ಎಂದಳು.

* * *

ಮಲ್ಲಿಕ್‌ನ ಅಪ್ಪ ಕೊಟ್ಟೂರಪ್ಪನವರ ಮಿಲ್ಲು ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿತ್ತು. ಬಿಸಿ ಎಣ್ಣೆಯ ವಾಸನೆ ಆಟೋ ಇಳಿಯುವ ಮೊದಲೇ ಮೂಗಿಗೆ ಬಡಿಯಿತು. ಮಲ್ಲಿಕ್ ಅಂಗಳದಲ್ಲಿ ಚೀಲದ ಮೇಲೆ ಕೂತಿದ್ದ. ಅವನ ಸುತ್ತ ಆಳೆತ್ತರದ ಶೇಂಗಾ ಸಿಪ್ಪೆಯ ರಾಶಿ.

"ಏನು, ಪೇಡ ತಂದ್ಯಾ?"

"ನಾಟಕ ಬಿಡು. ನಿನ್ನ ಕ್ಯೂಬು ನೀನೇ ಬದಲಾಯಿಸಿದ್ದು."

ಮಲ್ಲಿಕ್ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ರಾಶಿಯ ಕಡೆ ಕೈ ತೋರಿಸಿದ. "ನಾನೇ ಮಾಡಿದ್ರೆ ಬೂದಿ ಹಾಕ್ದೆ ಮಾಡ್ತಿದ್ನಾ? ಎರಡು ಹಿಡಿ ಬೂದಿ ಹಾಕಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಮಾಡಿದೋರ ಹತ್ರ ಬೂದಿ ಇರ್ಲಿಲ್ಲ ಶಿಲ್ಪಾ. ಬೂದಿ ಇರೋದು ನನ್ನ ಹತ್ರ ಮಾತ್ರ."

ಶಿಲ್ಪಾ ಸಿಪ್ಪೆಯ ರಾಶಿಯನ್ನು ನೋಡಿದಳು. ಇಷ್ಟು ಸರಳವಾದದ್ದು ತನಗೆ ಯಾಕೆ ಹೊಳೆಯಲಿಲ್ಲ? ಕಳ್ಳ ಇವನೇ ಆಗಿರಲಿ ಎಂಬ ಆಸೆ ಅಷ್ಟು ಜೋರಾಗಿತ್ತು.

"ಕೊನೇ ಸಲ ಯಾವಾಗ ನೋಡಿದ್ದೆ?"

"ನಿನ್ನೆ ಸಂಜೆ ನಾಲ್ಕಕ್ಕೆ. ಮೂರೂ ತೊಟ್ಟಿಯಲ್ಲೇ ಇದ್ವು, ಕಪ್ಪಗೆ. ಇವತ್ತು ಬೆಳಿಗ್ಗೆ ಗಡಿಬಿಡಿಯಲ್ಲಿ ಎತ್ಕೊಂಡೆ. ಮೇಲೆ ನನ್ನ ನಂಬರ್ ಇತ್ತು, ಒದ್ದೆ ಕ್ಯೂಬು ಹೊರಗಿಂದ ಎಲ್ಲಾ ಒಂದೇ ಥರ. ಅನುಮಾನ ಬರ್ಲಿಲ್ಲ." ಆಮೇಲೆ ಅಂದ, "ಒಂದು ಮಾತು. ನಿಮ್ಮ ಕಮಾನು ನೋಡಿ ನನಗೆ ನಿದ್ದೆ ಬಂದಿರ್ಲಿಲ್ಲ. ಕಂಬಿ ಇಲ್ದೆ, ಕೆಳಗೆ ಸೆಂಟ್ರಿಂಗ್ ಹಲಗೆ ಇಲ್ದೆ ನಿಲ್ಲೋ ಚಾವಣಿ! ಯಾರ ತಲೆಯಿಂದ ಬಂತು ಅದು?"

"ನಂದೇ," ಎಂದಳು ಶಿಲ್ಪಾ. ನಾಲಿಗೆ ತಾನಾಗಿ ಹೊರಳಿತ್ತು.

* * *

ಕಾಲೇಜಿಗೆ ಮರಳಿದವಳು ನೇರವಾಗಿ ಲ್ಯಾಬಿನ ಮೂಲೆಗೆ ಹೋದಳು. ತಮ್ಮ ಮರಳಿನ ಚೀಲಗಳು ಅಲ್ಲಿದ್ದವು. ಮೂರು. ಮೂರರ ಬಾಯಿಯೂ ಸುತಳಿಯಲ್ಲಿ ಹೊಲಿದದ್ದು ಹೊಲಿದಂತೆಯೇ ಇತ್ತು. ಬಿಚ್ಚಿದ್ದ ನಾಲ್ಕನೆಯದು ತಿಂಗಳ ಹಿಂದೆಯೇ ಇಟ್ಟಿಗೆಗೆ ಮುಗಿದಿತ್ತು.

ಹಾಗಾದರೆ ಮರಳು ಇಲ್ಲಿಂದ ಹೋಗಿಲ್ಲ. ಹಳ್ಳದಿಂದಲೇ ಬಂದಿದೆ.

ಹಳ್ಳಕ್ಕೆ ಹೋಗುವವರು ಯಾರು?

ಉತ್ತರ ಬಾಯಿಗೆ ಬಂದರೂ ಶಿಲ್ಪಾ ನುಂಗಿಕೊಂಡಳು.

* * *

ಮರುದಿನ ಬೆಳಿಗ್ಗೆ ಅವಳು ತಳಕಿಗೆ ಬಸ್ಸು ಹಿಡಿದಳು. ರೇಣುಕಮ್ಮನ ಮಗಳ ಸೀಮಂತ ಅಲ್ಲೇ. ಅಂಗಡಿ ಸಾಲಿನಲ್ಲಿ ಕೇಳಿದರೆ ಮನೆ ತೋರಿಸಿದರು. ರೇಣುಕಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು.

"ಏನವ್ವ, ಇಲ್ಲಿಗಂಟ ಬಂದಿ? ಉಂಡು ಹೋಗು."

"ರೇಣಕ್ಕ, ಹದಿನೈದು ದಿನದ ಹಿಂದೆ ಮೂರು ಅಚ್ಚು ಕೊಟ್ರಲ್ಲ, ನನ್ನ ಹೆಸರು ಬರ್ದಿದ್ದೀರಿ. ನಾನು ಬಂದಿದ್ನಾ?"

"ನೀನೆಲ್ಲಿ ಬಂದಿದ್ದಿ? ನಿನ್ನ ಜೊತೆ ಇರ್ತೈತಲ್ಲ, ಆ ಹುಡುಗಿ. ಅದರ ಹೆಸರು ನನಗೆ ಯಾವಾಗ್ಲೂ ಮರ್ತೋಗ್ತೈತೆ. ಎಲ್ರೂ ಶಿಲ್ಪಾ ಟೀಮು ಶಿಲ್ಪಾ ಟೀಮು ಅಂತಾರೆ. ನಾನೂ ಅದನ್ನೇ ಬರ್ಕೊಂಡೆ. ಯಾಕೆ, ಅಚ್ಚು ವಾಪಸ್ ಕೊಟ್ಟೈತಲ್ಲ?"

ಪರೀಕ್ಷೆಯ ಹಿಂದಿನ ದಿನ, ಬುಧವಾರ ಸಂಜೆ, ಸೂರಮ್ಮ ಅಂದ ಮಾತು ಶಿಲ್ಪಾಳ ಕಿವಿಗೆ ಬಂತು. "ಗೋಡೆಗೆ ನೀರು ಹಾಕಿ ಬರ್ತೀನಿ, ನೀನು ಹೋಗು." ಅವರ ಮಾದರಿ ಗೋಡೆ ಇದ್ದದ್ದು ಕ್ಯೂಬಿನ ತೊಟ್ಟಿಯ ಪಕ್ಕದಲ್ಲೇ.

"ರೇಣಕ್ಕ, ಕಾಲೇಜಿನ ಗೇಟಿನಿಂದ ಕ್ಯೂಬು ಹೊರಗೆ ಒಯ್ಯೋಕೆ ಆಗುತ್ತಾ?"

"ಒಳಗೆ ತಂದ್ರೆ ಕೇಳೋರಿಲ್ಲ. ಹೊರಗೆ ಒಯ್ಯೋಕೆ ಪಾಸ್ ಬೇಕು. ಅಚ್ಚಿಗೆ ನಾನೇ ಕೊಡಿಸಿದ್ದೆ, ಕ್ಯೂಬಿಗೆ ಯಾರೂ ಕೇಳಿಲ್ಲ. ವಾಚ್‌ಮನ್ ಚೀಲ ಬಿಚ್ಚಿಸ್ತಾನೆ."

ಅಂದರೆ ಮಲ್ಲಿಕ್‌ನ ನಿಜವಾದ ಕ್ಯೂಬು ಇನ್ನೂ ಕಾಲೇಜಿನ ಒಳಗೇ ಇರಬೇಕು. "ಮತ್ತೆ ಹಳೇ ಕ್ಯೂಬೆಲ್ಲ ಎಲ್ಲಿ ಹಾಕ್ತೀರಿ?"

"ಲ್ಯಾಬ್ ಹಿಂದೆ ಬೇವಿನ ಗಿಡಗಳ ಸುತ್ತ ನಾನೇ ಜೋಡ್ಸೀನಿ. ನೋಡಿಲ್ವ?"

* * *

ಬೇವಿನ ಗಿಡಗಳು ಐದು. ಒಂದೊಂದರ ಸುತ್ತ ಹತ್ತು ಹನ್ನೆರಡು ಕ್ಯೂಬು. ಎಲ್ಲದರ ಬುಡದಲ್ಲೂ ಗರಿಕೆ ಹಬ್ಬಿತ್ತು, ಮೇಲೆ ಹಕ್ಕಿಯ ಹಿಕ್ಕೆ ಒಣಗಿತ್ತು. ನಾಲ್ಕನೇ ಗಿಡದ ಬಳಿ ಮೂರು ಕ್ಯೂಬು ಮಾತ್ರ ಚೊಕ್ಕಟವಾಗಿದ್ದವು. ಅವುಗಳ ಅಡಿಯಲ್ಲಿ ಹುಲ್ಲು ನಜ್ಜಾಗಿ ಇನ್ನೂ ಹಸಿರಾಗಿತ್ತು. ಶಿಲ್ಪಾ ಒಂದನ್ನು ಮಗುಚಿದಳು. ಮೊಳೆಯಿಂದ ಗೀರಿದ ಮಲ್ಲಿಕ್‌ನ ನಂಬರು.

ಗಂಟೆ ಒಂದೂವರೆ. ಯಾರೂ ಇರಲಿಲ್ಲ.

ತಾನು ನಿರಪರಾಧಿ ಎಂದು ತೋರಿಸಲು ರೇಣುಕಮ್ಮನ ಮಾತೇ ಸಾಕು. ಈ ಮೂರನ್ನು ತೋರಿಸಲೇಬೇಕೆಂದೇನಿಲ್ಲ. ಇವು ಸಿಗದಿದ್ದರೆ ಮಲ್ಲಿಕ್‌ಗೆ ಪರೀಕ್ಷೆ ಇಲ್ಲ. ಹೊಸದಾಗಿ ಎರೆದು ಇಪ್ಪತ್ತೆಂಟು ದಿನ ಕಾಯಲು ಸಮಯವಿಲ್ಲ. ಅಂಗನವಾಡಿ ತಮ್ಮದೇ. ಕಾಲಿನಿಂದ ಒಂದಿಷ್ಟು ಮಣ್ಣು ತಳ್ಳಿ ನಂಬರು ಮುಚ್ಚಿದರೆ ಮುಗಿಯಿತು. ಅವಳ ಕಾಲು ಮುಂದೆ ಹೋಯಿತು ಕೂಡ.

ಆಮೇಲೆ ತನ್ನ ಕಾಲನ್ನು ತಾನೇ ನೋಡಿಕೊಂಡಳು. ಸೂರಮ್ಮ ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಬಗ್ಗಿ ಮೊದಲ ಕ್ಯೂಬನ್ನು ಎತ್ತಿಕೊಂಡಳು. ಎಂಟು ಕಿಲೋ. ಮೂರು ಸಲ ಓಡಾಡಿದಳು.

* * *

ಮೂರು ಗಂಟೆ. ಸಂಗಮೇಶ್ ಸರ್ ಕೋಣೆ. ಒಂದು ಕಡೆ ಮಲ್ಲಿಕ್, ಇನ್ನೊಂದು ಕಡೆ ಸೂರಮ್ಮ. ಮೇಜಿನ ಮೇಲೆ ಹೊಳೆಯುವ ಚೂರು, ಅದರ ಪಕ್ಕ ಮಣ್ಣು ಮೆತ್ತಿದ ಮೂರು ಕ್ಯೂಬು.

ಶಿಲ್ಪಾ ನಿಂತೇ ಹೇಳಿದಳು.

"ಸರ್, ಒಡೆದ ಕ್ಯೂಬಿನಾಗೆ ಬೂದಿ ಇರ್ಲಿಲ್ಲ. ಬೂದಿ ಸಿಗದೇ ಇರೋರು ಮಾಡಿದ್ದು, ಅಂದ್ರೆ ಮಲ್ಲಿಕ್ ಅಲ್ಲ. ಒಳಗಿರೋ ಮರಳು ಸಿದ್ದಾಪುರದ ಹಳ್ಳದ್ದು. ಲ್ಯಾಬಿನ ಚೀಲ ಬಿಚ್ಚಿಲ್ಲ, ಅಂದ್ರೆ ಅಲ್ಲಿಗೆ ಹೋಗಿ ಬರೋರೇ ಎರೆದದ್ದು. ಅಚ್ಚು ತಗೊಂಡಿದ್ದು ನಾನಲ್ಲ ಅಂತ ರೇಣಕ್ಕ ಫೋನಾಗೆ ಹೇಳ್ತಾರೆ, ಈಗ ಆನ್ ಐತೆ. ಬುಧವಾರ ನಾಲ್ಕು ಗಂಟೆ ಆದ್ಮೇಲೆ ತೊಟ್ಟಿ ಹತ್ರ ಒಬ್ರೇ ಉಳಿದಿದ್ದು..." ಅವಳು ಸೂರಮ್ಮನನ್ನು ನೋಡಿದಳು. "ಸೂರಿ, ನೀನೇ ಹೇಳೆ."

ಸೂರಮ್ಮ ತಲೆ ತಗ್ಗಿಸಲಿಲ್ಲ. "ಹ್ಞೂಂ ಸರ್. ನಾನೇ. ಸಿಮೆಂಟು ಕಮ್ಮಿ ಹಾಕಿ ಮನೇಲಿ ಎರೆದೆ. ಶೇಂಗಾ ಚೀಲದಾಗೆ ಹಾಕ್ಕೊಂಡು ಬಸ್ಸಿನಾಗೆ ತಂದೆ."

"ಯಾಕಮ್ಮ? ನೀವು ಗೆಲ್ಲಬೇಕು ಅಂತಾನಾ?" ಸರ್ ಕೇಳಿದರು.

"ನಾವು ಅಲ್ಲ ಸರ್, ನಾನು. ರಿಜಿಸ್ಟರಾಗೆ ಇವಳ ಹೆಸರು ಬಿತ್ತು. ಅವತ್ತೇ ನೋಡಿದ್ದೆ, ತಿದ್ದಿಸ್ಲಿಲ್ಲ. ಮಲ್ಲಿಕ್ ಬಿದ್ರೆ, ಇವಳು ಡಿಬಾರಾದ್ರೆ, ನಮ್ಮೂರ ಗೋಡೆ ಮೇಲೆ ನನ್ನ ಹೆಸರು ಒಂದೇ ಉಳಿತಿತ್ತು." ಅವಳು ಶಿಲ್ಪಾಳ ಕಡೆ ತಿರುಗಿದಳು. "ನಾಲ್ಕು ವರ್ಷ ನೀನು ಮಲ್ಲಿಕ್‌ನ ನೋಡಿ ಉರ್ಕೊಂಡೆ. ಪಕ್ಕದಾಗೇ ಕುಂತಿದ್ದೆ ನಾನು. ಮಣ್ಣು ನಂದು, ಕಮಾನು ನಂದು. ನನ್ನ ನೋಡಿ ಒಂದು ದಿನಾನೂ ಉರ್ಕೊಳ್ಳಲಿಲ್ಲ ನೀನು. ಉರ್ಕೊಳ್ಳೋಕೂ ನಾನು ಲೆಕ್ಕಕ್ಕಿರ್ಲಿಲ್ಲ."

ಮಲ್ಲಿಕ್ ಮೇಜಿನಿಂದ ತನ್ನ ಕ್ಯೂಬೊಂದನ್ನು ಎತ್ತಿಕೊಂಡ.

ಸಂಜೆ ನಿಜವಾದ ಕ್ಯೂಬುಗಳ ಪರೀಕ್ಷೆಯಾಯಿತು. ಅರವತ್ತೊಂದು. ಐವತ್ತೊಂಬತ್ತು. ಅರವತ್ತೆರಡು. ಮುಳ್ಳು ಏರಿದ ಒಂದೊಂದು ಗೆರೆಗೂ ಶಿಲ್ಪಾಳಿಗೆ ಉರಿಯಿತು. ಆದರೂ ಕಣ್ಣು ತೆಗೆಯದೆ ಕೊನೆಯವರೆಗೂ ನೋಡಿದಳು. ಅಂಗನವಾಡಿ ಮಲ್ಲಿಕ್‌ನದಾಯಿತು. ಸೂರಮ್ಮನಿಗೆ ಒಂದು ವರ್ಷ ಡಿಬಾರ್.

* * *

ಶನಿವಾರ ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಸಿದ್ದಾಪುರದ ದಾರಿಯ ಮೊಳಕಾಲ್ಮೂರಿನ ಬಸ್ಸು ಹೊರಡಲು ಸಿದ್ಧವಾಗಿತ್ತು. ಕಿಟಕಿಯ ಪಕ್ಕ ಸೂರಮ್ಮ, ಮಡಿಲಲ್ಲಿ ಟ್ರಂಕು. ಶಿಲ್ಪಾ ಓಡಿಬಂದು ಕಿಟಕಿಯ ಸರಳು ಹಿಡಿದಳು.

"ಏನು ಬಾಕಿ ಐತೆ?" ಸೂರಮ್ಮ ಕೇಳಿದಳು.

"ನೀನು ಹೇಳಿದ್ದು ಸುಳ್ಳು. ನಿನ್ನ ನೋಡಿ ನಾನು ಉರ್ಕೊಂಡಿದ್ದೆ. ಮೊದಲ್ನೇ ಸಲ ನಿಮ್ಮೂರಿಗೆ ಬಂದಾಗ ನೀನು ಮಣ್ಣು ಉಂಡೆ ಕಟ್ಟಿ ಕೆಳಗೆ ಬಿಟ್ಟು, ಜೇಡಿ ಜಾಸ್ತಿ ಐತೆ, ಮೂರಕ್ಕೆ ಒಂದು ಮರಳು ಬೇಕು ಅಂದೆ. ಲ್ಯಾಬಿನಾಗೆ ಒಂದು ವಾರ ಒದ್ದಾಡಿದ್ರೆ ಅದೇ ಉತ್ತರ ಬಂತು. ಅವತ್ತೇ ಹೋಗಿ ರಿಪೋರ್ಟಿನ ಮೊದಲ ಪುಟದಾಗೆ ನನ್ನ ಹೆಸರು ಮೇಲೆ ಹಾಕಿ ಪ್ರಿಂಟ್ ಹಾಕ್ಸಿದೆ. ಮಲ್ಲಿಕ್‌ನ ನೋಡಿ ಉರ್ಕೊಂಡಿದ್ದನ್ನ ಊರಿಗೆಲ್ಲ ಹೇಳ್ದೆ. ಇದನ್ನ ಯಾರಿಗೂ ಹೇಳ್ಲಿಲ್ಲ."

ಕಂಡಕ್ಟರ್ ಸೀಟಿ ಊದಿದ.

"ನನಗೆ ಹೇಳಿ ಏನು ಬಂತು?" ಎಂದಳು ಸೂರಮ್ಮ. "ಹೇಳೋದಿದ್ರೆ ಸರ್ ಹತ್ರ ಹೇಳು."

ಬಸ್ಸು ತಿರುಗಿ ಹೋಯಿತು. ಶಿಲ್ಪಾ ಧೂಳು ಇಳಿಯುವವರೆಗೂ ನಿಂತಿದ್ದಳು. ಆಮೇಲೆ ಆಟೋ ಹತ್ತಿ ಕಾಲೇಜಿಗೆ ಬಂದಳು. ಸಂಗಮೇಶ್ ಸರ್ ಕೇಸಿನ ಕಾಗದಕ್ಕೆ ಸಹಿ ಹಾಕುತ್ತಿದ್ದರು.

"ಮುಗೀತಲ್ಲಮ್ಮ, ಕಳ್ಳಿನೂ ಸಿಕ್ಕಿದಳು. ಇನ್ನೇನು?"

"ಇನ್ನೊಬ್ಬಳು ಉಳಿದಾಳೆ ಸರ್," ಎಂದಳು ಶಿಲ್ಪಾ, ತಮ್ಮ ಪ್ರಾಜೆಕ್ಟಿನ ರಿಪೋರ್ಟಿನ ಮೊದಲ ಪುಟವನ್ನು ಅವರ ಮುಂದೆ ಬಿಚ್ಚಿಟ್ಟು, ಮೇಲಿದ್ದ ತನ್ನ ಹೆಸರಿನ ಮೇಲೆ ಬೆರಳಿಡುತ್ತಾ.