ಮೂಗರ್ಜಿಯ ಜೊತೆ ಬಂದ ಹೆಬ್ಬೆಟ್ಟು

ಬೀಗ ಒಡೆದಿರಲಿಲ್ಲ. ಬಾಗಿಲು ಮುರಿದಿರಲಿಲ್ಲ. ಆದರೆ ಟ್ರಂಕಿನ ಮುಚ್ಚಳ ತೆರೆದಿತ್ತು. ಸೀರೆಗಳ ಕೆಳಗಿದ್ದ ಪ್ಲಾಸ್ಟಿಕ್ ಚೀಲ ಇರಲಿಲ್ಲ. ಜನನ ಪತ್ರ, ರೇಷನ್ ಕಾರ್ಡು, ಮತದಾರರ ಚೀಟಿ—ಚನ್ನಪಟ್ಟಣದಲ್ಲಿ ಹುಟ್ಟಿದ ಇದ್ರೀಸ್ ಈ ನೆಲದವನೆಂದು ಹೇಳಬಲ್ಲ ಮೂರೇ ಕಾಗದಗಳು ಅದರಲ್ಲಿದ್ದವು.

ಒಂದು ಗಂಟೆಯ ಹಿಂದೆಯಷ್ಟೇ ಪೊಲೀಸರು ಇದ್ರೀಸನನ್ನು ವಿದೇಶಿಯೆಂದು ಹಿಡಿದೊಯ್ದಿದ್ದರು. ಆ ಕಾಗದಗಳನ್ನು ಒಯ್ಯಲೆಂದೇ ಹೆಂಡತಿ ಇಸ್ಮತ್ ಟ್ರಂಕಿನ ಬಳಿಗೆ ಹೋಗಿದ್ದಳು.

ಅದು 2006. ಬಿಡದಿಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದವು; ಬಡ ಕೂಲಿಗಾರನ ಮೇಲೆ ಸಂಶಯದ ಕಣ್ಣು ಬೀಳುತ್ತಿತ್ತು. ಸಂಶಯಕ್ಕೆ ಸಾಕ್ಷ್ಯ ಬೇಕಿರಲಿಲ್ಲ. ಹೆಸರಿಲ್ಲದ ಒಂದು ಮೂಗರ್ಜಿ ಸಾಕಾಗಿತ್ತು!

ಇಸ್ಮತ್ ಜೊತೆ ವಕೀಲೆ ಗಿರಿಜಾಂಬ ರಾಮನಗರದ ಠಾಣೆಗೆ ಬಂದಾಗ ಹೆಡ್ ಕಾನ್‌ಸ್ಟೇಬಲ್ ಗಂಗಹನುಮಯ್ಯ ಕಡತವನ್ನು ಮುಂದಿಟ್ಟರು.

“ಟಪಾಲಲ್ಲಿ ಮೂಗರ್ಜಿ ಬಂದೈತೆ ಮೇಡಂ. ಜತೇಲಿ ಅವನದೇ ಒಪ್ಪಿಗೆ—ಗಡಿ ಆಚೆಯಿಂದ ಕದ್ದು ಬಂದವ್ನೆ ಅಂತ. ಕೆಳಗೆ ಹೆಬ್ಬೆಟ್ಟು. ಸಂಜೆಯೊಳಗೆ ಕಾಗದ ತೋರ್ಸಿದ್ರೆ ಸರಿ. ಇಲ್ದಿದ್ರೆ ಜೈಲು, ಆಮೇಲೆ ಗಡಿ.”

“ತಪ್ಪು ಮಾಡಿದವನು ತಾನೇ ಒಪ್ಪಿ ಅಂಚೆಗೆ ಹಾಕ್ತಾನೇನ್ರೀ?”

ಗಂಗಹನುಮಯ್ಯ ಟೋಪಿ ಸರಿಪಡಿಸಿಕೊಂಡರು.

ಗಿರಿಜಾಂಬ ಕಾಗದವನ್ನು ಬೆಳಕಿಗೆ ಹಿಡಿದರು. ಸುರುಳಿ ಸುರುಳಿಯಾದ ಗೆರೆಗಳು. ನಡುವೆ ಓರೆಯಾದ ಒಂದು ಬಿಳಿ ಪಟ್ಟಿ.

“ಎಷ್ಟು ಚೆನ್ನಾಗಿ ಮೂಡಿದೆ!” ಎಂದರು. ಬಳಿಕ ಇಸ್ಮತ್‌ಳತ್ತ ತಿರುಗಿದರು. “ಬೀಗದ ಕೈ ಎಲ್ಲಿಡ್ತೀಯಮ್ಮ?”

“ಬಾಗ್ಲು ಮೇಲಿನ ಸಂದೀಲಿ. ಪಕ್ಕದ ಮನೆ ಗಫಾರ್‌ಗೆ ಗೊತ್ತು. ಓನರ್ ನಂಜಪ್ಪನೋರ್ಗೂ ಗೊತ್ತು. ಅರ್ಜಿ ಬರೆಯೋ ಬಾಲರಾಜಣ್ಣಾನೂ ನೋಡವ್ರೆ—ದುಬೈಗೋಗಕ್ಕೆ ಪಾಸ್‌ಪೋರ್ಟ್ ಅರ್ಜಿ ತುಂಬಕ್ಕೆ ಮನೇಗ್ ಬಂದಿದ್ರು.”

ಮಧ್ಯಾಹ್ನದೊಳಗೆ ಮೂವರೂ ಠಾಣೆಯಲ್ಲಿದ್ದರು.

“ಏನ್ಲಾ ಗಫಾರ್, ಇದ್ರೀಸನ ಮೇಲೆ ಜಗಳ ಕಾದಿದ್ಯಂತೆ?” ಗಂಗಹನುಮಯ್ಯ ಗದರಿದರು.

“ಕಾದಿದ್ದೆ ಸಾ. ರೇಷ್ಮೆ ರೀಲಿಂಗ್ ಶೆಡ್ಡಲ್ಲಿ ಕಿಟಕಿ ಪಕ್ಕದ ಬಿಸಿನೀರ್ ಬೇಸಿನ್ ಅವನಿಗೆ ಕೊಟ್ರು. ಅದ್ಕೆ ದೇಶಾನೇ ಬುಡುಸ್ಬುಡ್ತೀನಾ?”

ಬಾಲರಾಜು ಬೆವರೊರೆಸಿಕೊಂಡ. “ನಂಗೆ ಆ ಪಾಸ್‌ಪೋರ್ಟೇ ತಲೆನೋವು ಮೇಡಂ. ಮೂರು ಫಾರಂ ಹಾಳಾದೋ. ಹೆಬ್ಬೆಟ್ಟು ಒತ್ತಿಸ್ದಾಗೆಲ್ಲ ಬರೀ ಮಸಿ ಮುದ್ದೆ!”

ನಂಜಪ್ಪ ಶೆಡ್ಡಿಗೂ ಇದ್ರೀಸನ ಮನೆಗೂ ಮಾಲೀಕ. ಎಡ ಹೆಬ್ಬೆರಳಿನಿಂದ ವೀಳ್ಯದೆಲೆಗೆ ಸುಣ್ಣ ಸವರುತ್ತ ನಿಧಾನವಾಗಿ ನುಡಿದ: “ಹದಿನೆಂಟು ವರ್ಸ ನನ್ ಶೆಡ್ಡಲ್ಲಿ ದುಡ್ದವ್ನೆ. ಮನೆ ಮಗ ಇದ್ದಂಗೆ. ಆದ್ರೆ ಅವನೇ ಒತ್ತಿಕೊಟ್ಮೇಲೆ ನಾವೇನ್ ಮಾಡಾಕಾಯ್ತದೆ ತಾಯೀ?”

“ಸೋಮವಾರ ನಿಮ್ಮ ಕೇಸಿದೆಯಲ್ಲ? ಶೆಡ್ಡಿನ ಬಾಯ್ಲರ್ ಸಿಡಿದು ಕೂಲಿ ಹುಡುಗಿ ಮುನ್ನೀ ಸತ್ತದ್ದು?” ಗಿರಿಜಾಂಬ ಕೇಳಿದರು.

“ಅದುಕ್ಕೂ ಇದುಕ್ಕೂ ಏನು ಸಂಬಂಧ?”

“ವಾಲ್ವು ಕೆಟ್ಟಿದೆ ಅಂತ ಮೂರು ದಿನ ಮೊದಲೇ ನಿಮಗೆ ಹೇಳಿದವನು ಇದ್ರೀಸ್. ಅವನೇ ಸಾಕ್ಷಿ.”

ಸುಣ್ಣ ಸವರುವ ಬೆರಳು ನಿಂತಿತು.

“ಮಸಿಪ್ಯಾಡು ಕೊಡಿ. ಇದ್ರೀಸನನ್ನು ಕರೆಸಿ,” ಎಂದರು ಗಿರಿಜಾಂಬ.

ಇದ್ರೀಸ್ ಹೆಬ್ಬೆಟ್ಟು ಒತ್ತಿದ. ಕಾಗದದ ಮೇಲೆ ಕಪ್ಪು ಮುದ್ದೆ—ಒಂದು ಗೆರೆಯೂ ಇಲ್ಲ. ಗಫಾರ್ ಒತ್ತಿದ. ಅದೂ ಹಾಗೆಯೇ!

“ನೋಡಿದ್ರಾ? ದಿನವಿಡೀ ಕುದಿನೀರಲ್ಲಿ ರೇಷ್ಮೆಗೂಡು ತಡಕಿ ಎಳೆ ತೆಗೆಯೋ ಕೈಗಳಿವು. ಇವುಗಳಲ್ಲಿ ಗೆರೆ ಸವೆದು ಹೋಗಿದೆ. ಆ ಒಪ್ಪಿಗೆಯ ಹೆಬ್ಬೆಟ್ಟು ಇದ್ರೀಸನದಲ್ಲ. ಹಾಗಾದರೆ ಗೆರೆಯಿರೋ ಹೆಬ್ಬೆಟ್ಟು ಒತ್ತೋ ಇಂಥ ತಪ್ಪು ಮಾಡೋರು ಯಾರು? ಗಫಾರ್‌ಗೆ ತನ್ನ ಕೈ ಗೊತ್ತು. ಬಾಲರಾಜು ಮೂರು ಫಾರಂ ಕೆಡಿಸಿ ಕಲಿತಿದ್ದಾರೆ. ಗೊತ್ತಿಲ್ಲದವರು ಒಬ್ಬರೇ. ಬೇಸಿನ್ನಿಗೆ ಒಂದು ದಿನವೂ ಕೈ ಹಾಕದವರು!”

ನಂಜಪ್ಪ ಮುಷ್ಟಿ ಬಿಗಿದ. ಎಲೆ ನೆಲಕ್ಕೆ ಬಿತ್ತು.

“ನಿಮ್ಮ ಎಡ ಹೆಬ್ಬೆರಳಲ್ಲಿ ಹಳೇ ಗಾಯದ ಕಲೆ ಇದೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕುಡುಗೋಲು ತಾಗಿದ್ದಿರಬೇಕು. ಸುಣ್ಣ ಸವರುವಾಗ ಕಂಡೆ. ಒಪ್ಪಿಗೆಯಲ್ಲೂ ಅದೇ ಓರೆ ಪಟ್ಟಿ ಇದೆ. ಒತ್ತಿ, ನಂಜಪ್ಪನವರೇ.”

“ಒತ್ತಿ ಯಜಮಾನ್ರೇ,” ಎಂದರು ಗಂಗಹನುಮಯ್ಯ. ದನಿಯಲ್ಲಿ ಈಗ ಬೇರೆಯೇ ಗಡಸು.

ಗೆರೆಗಳು ಸ್ಪಷ್ಟವಾಗಿ ಮೂಡಿದವು. ನಡುವೆ ಓರೆ ಪಟ್ಟಿ.

“ಇದ್ರೀಸನ ಕಾಗದ ಎಲ್ಲಿ?” ಗಂಗಹನುಮಯ್ಯ ಕೇಳಿದರು.

“ಶೆಡ್ಡಿನ ಬೀರುವಲ್ಲಿ...” ನಂಜಪ್ಪನದು ಕೇಳಿಯೂ ಕೇಳದಂಥ ದನಿ.

“ಹದಿನೆಂಟು ವರ್ಷ ಈ ಕೈಗಳ ದುಡಿಮೆ ಉಂಡಿರಿ,” ಎಂದರು ಗಿರಿಜಾಂಬ. “ಒಂದು ಸಲವಾದರೂ ಅಂಗೈ ತಿರುಗಿಸಿ ನೋಡಿದ್ದರೆ ಇವತ್ತು ಸಿಕ್ಕಿಬೀಳ್ತಿರಲಿಲ್ಲ. ನೋಡಿದ್ದರೆ ಮುನ್ನೀನೂ ಬದುಕಿರ್ತಿದ್ದಳೇನೋ.”

ಸೋಮವಾರ ಇದ್ರೀಸ್ ಸಾಕ್ಷಿಕಟ್ಟೆ ಏರಿದ. ಎಲ್ಲವನ್ನೂ ಹೇಳಿದ. ಕೊನೆಗೆ ಹೇಳಿಕೆಯ ಕೆಳಗೆ ಹೆಬ್ಬೆಟ್ಟು ಒತ್ತಿದ—ಗೆರೆಯಿಲ್ಲದ ಕಪ್ಪು ಮುದ್ದೆ.

ಅದು ಯಾರದೆಂದು ಯಾರೂ ಕೇಳಲಿಲ್ಲ.